ಮಣಿಯನ್ನು ಕೇಳಿದ ಬೆಳಗು

ನಾನು ನಿಂತಿದ್ದದ್ದು ಅಕ್ಕನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿಗೂ ನುಗ್ಗೆಮರಕ್ಕೂ ನಡುವೆ. ನಾಯಿಗೂ ನನಗೂ ಇದ್ದ ದೂರ ಒಂದು ಹಗ್ಗದ ಮಂಚದ ಉದ್ದದಷ್ಟು. ತೊಂಬತ್ತೈದನೆಯ ಇಸವಿ, ಪೊಂಗಲ್ ಕಳೆದು ಬಂದ ಮೊದಲ ಶುಕ್ರವಾರ, ಬಿಸಿಲು ಇನ್ನೂ ಹಂಚಿನ ಮೇಲೆಯೇ ಇದ್ದು ನೆಲಕ್ಕೆ ಇಳಿಯದ ಹೊತ್ತು. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ, ಗೆಳೆಯರೇ. ಆ ಬೆಳಿಗ್ಗೆ ನಡೆದದ್ದರ ಬಗ್ಗೆ ನಮ್ಮವರಲ್ಲಿ ಈಗಲೂ ಎರಡು ಮಾತಿದೆ. ನಾನಾದರೋ ಸೇಲಂ ಬಳಿಯ ಸಬ್ಬಕ್ಕಿ ಕಾರ್ಖಾನೆಯಲ್ಲಿ ಮರಗೆಣಸಿನ ಮೂಟೆ ತೂಗುವವನು, ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಬಾಯಿ ಬಿಡಬಾರದೆಂದು ಕಲಿತವನು. ಆದ್ದರಿಂದ ಕಂಡಷ್ಟನ್ನೇ ಹೇಳುತ್ತೇನೆ.

ಮಣಿ ನನ್ನ ಭಾವ ಕುಪ್ಪಣ್ಣನ ನಾಯಿ. ಕೊಳತ್ತೂರಿನಿಂದಾಚೆ, ಮೆಟ್ಟೂರು ಅಣೆಕಟ್ಟಿನ ನೀರು ಬಂದು ಹೊಲದಂಚನ್ನು ನೆಕ್ಕುವ ಕಡೆ ಅವರ ಮನೆ. ಭಾವ ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವವರು. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವ ಕೈ ಕೊಂಚ ಮರೆತರೆ ತನ್ನಷ್ಟಕ್ಕೆ ತಾನು ತಿರುಗುತ್ತ, ಒಳಗೆ ಕೂತವನಿಗೆ ಲೋಕವೇ ತನ್ನನ್ನು ಪ್ರದಕ್ಷಿಣೆ ಮಾಡುತ್ತಿರುವ ಹಾಗೆ ಕಾಣಿಸುತ್ತದೆ. ಮಂಜು ಬಿದ್ದ ಬೆಳಗುಗಳಲ್ಲಿ ನೀರಿಗೂ ಬಾನಿಗೂ ನಡುವಿನ ಗೆರೆ ಅಳಿಸಿಹೋಗಿ, ತಳದಲ್ಲಿ ಮುಳುಗಿರುವ ಹಳೆಯ ಊರುಗಳು ಕೆಳಗಿವೆಯೋ ಮೇಲಿವೆಯೋ ತಿಳಿಯದಂತಾದಾಗ, ಭಾವ ಜೊತೆಗೆ ಕೂತ ಮಣಿಯ ಮೂತಿ ನೋಡುತ್ತಿದ್ದರು. ಹರಿಗೋಲು ಎಷ್ಟು ಸುತ್ತಿದರೂ ಅದರ ಮೂತಿ ಮಾತ್ರ ಮೆಲ್ಲನೆ ಹೊರಳಿ ಹೊರಳಿ ಮನೆಯ ಕಡೆಗೇ ಇರುತ್ತಿತ್ತು. ಹತ್ತು ವರ್ಷ ಇಬ್ಬರೂ ಹಾಗೆ ದಡ ಸೇರಿದರು.

ದೀಪಾವಳಿಯ ಹೊತ್ತಿಗೆ ಮಣಿಯ ಮುಂಗಾಲಿನಲ್ಲಿ ಊತ ಕಾಣಿಸಿತು. ಮುಳ್ಳೆಂದು ತಿಳಿದು ಅರಿಸಿನ ಹಚ್ಚಿದರು, ಉಳುಕೆಂದು ತಿಳಿದು ಬಿಗಿಯಾಗಿ ಬಟ್ಟೆ ಸುತ್ತಿದರು. ಕೊನೆಗೆ ಸೇಲಂಗೆ ತಂದಾಗ ದನದಾಸ್ಪತ್ರೆಯ ಡಾಕ್ಟರಮ್ಮ ಕಾಲು ತೆಗೆಯದೆ ಬೇರೆ ದಾರಿಯಿಲ್ಲವೆಂದರು, ತೆಗೆದರು. ಎಡ ಹೆಗಲ ಕೆಳಗೆ ಹೊಲಿಗೆಯ ಗೆರೆಯೊಂದು ಉಳಿಯಿತು. ಮೂರು ಕಾಲಿನಲ್ಲಿ ಕುಪ್ಪಳಿಸುವುದನ್ನು ಅದು ನಮ್ಮ ಕನಿಕರ ಮುಗಿಯುವುದರೊಳಗೇ ಕಲಿತುಬಿಟ್ಟಿತು. ಆಮೇಲೆ ಪರೀಕ್ಷೆಗೆ ಕಳಿಸಿದ್ದ ಎಲುಬಿನ ಚೂರಿನ ಉತ್ತರ ಬಂತು: ಕ್ಯಾನ್ಸರ್.

ಡಾಕ್ಟರಮ್ಮ ಏನನ್ನೂ ಮುಚ್ಚಲಿಲ್ಲ. "ಕಾಲು ಹೋದರೂ ಅದರ ಬೀಜ ಮೈಯೊಳಗೆ ಇದ್ದೇ ಇರುತ್ತದೆ. ಮೂರು ವಾರಕ್ಕೊಮ್ಮೆ ಮದ್ರಾಸಿಗೆ ಕರೆದುಕೊಂಡು ಹೋದರೆ ಇಂಜೆಕ್ಷನ್ ಹಾಕುತ್ತಾರೆ. ಕೆಲವು ತಿಂಗಳು ಹೆಚ್ಚು ಬದುಕಬಹುದು. ಬದುಕುತ್ತದೆ ಅಂತ ನಾನು ಹೇಳುವುದಿಲ್ಲ. ಬೇಡವಾದರೆ ನೋವಿಗೆ ಮಾತ್ರೆ ಕೊಡುತ್ತೇನೆ. ವಯಸ್ಸಾಗಿದೆ, ನಿಮ್ಮ ಇಷ್ಟ" ಎಂದರು. ನಿಮ್ಮ ಇಷ್ಟ ಎನ್ನುವ ಮಾತು ಎಷ್ಟು ಭಾರವೆಂದು ಆ ದಿನ ತಿಳಿಯಿತು. ಅದನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆವು.

ಭಾವ ಮದ್ರಾಸಿಗೆ ಹೋಗುವುದೆಂದೇ ನಿಶ್ಚಯಿಸಿದ್ದರು. ರೈಲ್ವೆ ಜಂಕ್ಷನ್ನಿಗೆ ಹೋಗಿ ವಿಚಾರಿಸಿಕೊಂಡು ಬಂದವನು ನಾನು. ನಾಯಿಗೆ ಗಾರ್ಡ್ ಡಬ್ಬಿಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಒಡೆಯನಿಗೆ ಬೇರೆ ಡಬ್ಬಿ. ಒಳಗೆ ಮಲಗಬಹುದು, ಎದ್ದರೆ ತಲೆ ತಾಗುತ್ತದೆ, ಎಂದು ಕಂಡಂತೆ ಹೇಳಿದೆ. ಭಾವ ಬಲೆಯ ಗಂಟು ಬಿಡಿಸುತ್ತ, "ಓಗ್ಲಿ, ಮಲ್ಗೇ ಬರ್ತೈತೆ" ಎಂದರು. ಅಕ್ಕ ಮಾದಮ್ಮ ಒಲೆಯ ಮುಂದಿನಿಂದಲೇ ಅಂದಳು: "ಕಾಲ್ ತೆಗ್ಸುವಾಗ್ಲೂ ಅದ್ನ ಒಂದ್ ಮಾತು ಕೇಳ್ನಿಲ್ಲ. ಈಗ್ಲಾನಾ ಕೇಳ್ಬಾರ್ದಾ?"

ಕೇಳುವುದೆಂದರೆ ಹೇಗೆ ಎಂದು ನೀವು ನಗಬಹುದು. ನಮ್ಮ ಕಡೆ ಮುನಿಯಪ್ಪ ದೇವರಿಗೆ ಆಡು ಕಡಿಯುವ ಮುಂಚೆ ಅದರ ಬೆನ್ನಿಗೆ ಅರಿಸಿನದ ನೀರು ಸುರಿದು ಕಾಯುತ್ತಾರೆ. ಆಡು ಮೈ ಒದರಿದರೆ ಒಪ್ಪಿಗೆ; ಒದರುವ ತನಕ ಕತ್ತಿ ಎತ್ತುವಂತಿಲ್ಲ. ತಂಪು ತಾಗಿದ ಚರ್ಮ ನಡುಗುವುದು ಸಹಜವೆಂದು ಎಲ್ಲರಿಗೂ ಗೊತ್ತು. ಆದರೂ ಆ ಕಾಯುವ ಗಳಿಗೆಯಲ್ಲಿ ಹತ್ತಾರು ಗಂಡಸರು ಉಸಿರು ಹಿಡಿದು ಒಂದು ಆಡಿನ ಮುಖ ನೋಡುತ್ತ ನಿಲ್ಲುತ್ತಾರಲ್ಲ, ಆ ನಿಲ್ಲುವಿಕೆಗಾಗಿಯೇ ಹಿರಿಯರು ಇದನ್ನು ಮಾಡಿಟ್ಟರೇನೋ ಎಂದು ನನಗೆ ಅನ್ನಿಸುವುದುಂಟು. ಸಾಯಲು ಒಪ್ಪಿಗೆ ಕೇಳುವ ನೀರನ್ನು ಅಕ್ಕ ಬದುಕಲು ಒಪ್ಪಿಗೆ ಕೇಳುವುದಕ್ಕೆ ಕಲಸಿದಳು.

ಬೇಲಿಯಾಚೆಯಿಂದ ಪಕ್ಕದ ಮನೆಯ ಪಳನಿಯಮ್ಮ ಇಣುಕಿ, "ಏನ್ ಮಾದಮ್ಮಾ, ನಾಳೆಯಿಂದ ಕೋಳೀನೂ ಕೇಳ್ಬುಟ್ಟು ಮೊಟ್ಟೆ ಎತ್ತೀಯಾ?" ಎಂದಳು. ಅಕ್ಕ, "ನಿನ್ ಮನೆ ಕೋಳಿ ಇಲ್ಲಿ ಮೊಟ್ಟೆ ಇಟ್ರೆ ಕೇಳಲ್ಲ ಕಣಕ್ಕಾ" ಎಂದು ತಿರುಗಿಯೂ ನೋಡದೆ ಚೊಂಬು ಬಗ್ಗಿಸಿದಳು.

ನೀರು ಕತ್ತಿನಿಂದ ಬಾಲದವರೆಗೆ ಹಳದಿಯಾಗಿ ಹರಿಯಿತು. ಮಣಿ ಒದರಲಿಲ್ಲ. ನೆನೆದ ನಾಯಿ ಮೈ ಒದರದೆ ನಿಂತದ್ದನ್ನು ನೀವು ಕಂಡಿದ್ದೀರಾ? ನಾನು ಅದುವರೆಗೆ ಕಂಡಿರಲಿಲ್ಲ. ತೊಟ್ಟಿಕ್ಕುವ ಸದ್ದು ಬಿಟ್ಟರೆ ಹಿತ್ತಲು ಕನಸಿನೊಳಗಿನ ಹಿತ್ತಲಿನ ಹಾಗಿತ್ತು. ನುಗ್ಗೆಯ ಎಲೆಗಳೂ ಕಾಯುತ್ತಿದ್ದವು.

"ಬ್ಯಾಡ ಅಂತೈತೆ" ಎಂದಳು ಅಕ್ಕ. ಪಳನಿಯಮ್ಮನ ನಗೆ ಇಳಿದುಹೋಗಿತ್ತು. "ಪಾವಂ, ಪಾಪ" ಎಂದಷ್ಟೇ ಅಂದಳು.

ಭಾವನ ಮುಖ ನೋಡಲಾರದೆ ನಾನು ನಾಯಿಯನ್ನೇ ನೋಡುತ್ತಿದ್ದೆ. ಹಾಗಾಗಿ ಕಂಡೆ. ಕಿವಿಗಳ ಹಿಂದೆ ಚರ್ಮ ಸಣ್ಣಗೆ ಅಲೆಯೆದ್ದು, ಕತ್ತಿನಿಂದ ಹೆಗಲಿಗೆ ಇಳಿದು, ಕಾಲಿಲ್ಲದ ಜಾಗ ತಲುಪಿದೊಡನೆ ನಿಂತುಬಿಡುತ್ತಿತ್ತು. ಉಳಿದೊಂದು ಮುಂಗಾಲು ನೆಲವನ್ನು ಬಿಗಿಯಾಗಿ ಒತ್ತಿಕೊಳ್ಳುತ್ತಿತ್ತು. ಮತ್ತೆ ಅಲೆ, ಮತ್ತೆ ತಡೆ. ಮುಳ್ಳು ನಿಲ್ಲುವ ತನಕ ಕಾದು ಹೇಳಿದೆ: "ಅಕ್ಕಾ, ಅದಕ್ಕೆ ಒದರ್ಬೇಕು ಅಂತ ಐತೆ. ಒದರುದ್ರೆ ಬಿದ್ದೋಯ್ತೀನಿ ಅಂತ ತಡ್ಕೊಂಡೈತೆ."

ಭಾವ ಮಂಡಿಯೂರಿದರು. ಹೊಲಿಗೆಯ ಗೆರೆಯ ಕೆಳಗೆ, ಎದೆಗೆ, ಅಂಗೈ ಕೊಟ್ಟು ಎತ್ತಿ ಹಿಡಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೂತಿಯಿಂದ ಬಾಲದ ತುದಿಯವರೆಗೆ ಮಣಿ ಇಡೀ ಮೈಯನ್ನು ಒದರಿತು. ಅರಿಸಿನದ ಹನಿಗಳು ನನ್ನ ಅಂಗಿಗೂ ಅಕ್ಕನ ಸೀರೆಗೂ ಭಾವನ ಮುಖಕ್ಕೂ ಹಾರಿದವು.

"ಒಪ್ಕೊಂಡ್ತಲ್ಲಾ" ಎಂದಳು ಅಕ್ಕ, ಅಳುತ್ತಲೋ ನಗುತ್ತಲೋ. "ಓಗಿ, ಟಿಕೆಟ್ ಎತ್ಸಿ. ನಾನಿನ್ನು ಅಡ್ಡ ಬರಲ್ಲ."

ಭಾವ ಕೈ ತೆಗೆಯಲಿಲ್ಲ. ನೆನೆದ ಎದೆ ಆ ಅಂಗೈಯಲ್ಲಿ ಏರಿ ಇಳಿಯುವುದು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಮಂಡಿಯೂರಿದಂತೆಯೇ ಅಂದರು: "ನಾನ್ ಇಡ್ಕೊಂಡಿದ್ಕೆ ಒದರ್ತು, ಮಾದಮ್ಮಾ. ಆ ಪೆಟ್ಟಿಗೇಲಿ ಯಾರ್ ಇಡ್ಕೊಂತಾರೆ?"

ಮದ್ರಾಸಿಗೆ ಹೋಗಲಿಲ್ಲ. ಡಾಕ್ಟರಮ್ಮನಿಂದ ಮಾತ್ರೆ ತಂದುಕೊಟ್ಟೆ. ಮಣಿ ಮೊದಲಿನ ಹಾಗೆ ಹರಿಗೋಲು ಹತ್ತಿತು. ನೆನೆದು ದಡಕ್ಕೆ ಬಂದಾಗಲೆಲ್ಲ ಒದರದೆ ಭಾವನ ಮಗ್ಗುಲಿಗೆ ಬಂದು ನಿಲ್ಲುತ್ತಿತ್ತು. ಅವರು ಹುಟ್ಟನ್ನು ಕೆಳಗಿಟ್ಟು ಅಂಗೈ ಕೊಡುತ್ತಿದ್ದರು. ನೀರು ಇಳಿದು ಹಳೆಯ ಊರಿನ ಗೋಡೆಗಳು ಒಂದೊಂದಾಗಿ ಮೇಲೇಳುವ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಅದೇ ಕೈಯ ಮೇಲೆ ಅದರ ಉಸಿರು ನಿಂತಿತು. ಇಂಜೆಕ್ಷನ್ ಹಾಕಿಸಿದ್ದರೆ ಆ ವರ್ಷದ ಹೊಸ ನೀರು ನೋಡುತ್ತಿತ್ತೋ ಏನೋ. ಪ್ರೀತಿ ಎಂಬುದು ಆಯಸ್ಸನ್ನು ಕೂಡಿಸುವುದೋ, ಕೂಡಿಸಲಾಗದ ಆಯಸ್ಸಿನ ಪಕ್ಕ ಕೂರುವುದೋ ಎಂದು ಎಷ್ಟೋ ಸಲ ತೂಗಲು ಹೋಗಿದ್ದೇನೆ. ಆ ಮುಳ್ಳು ಮಾತ್ರ ನಿಲ್ಲುವುದಿಲ್ಲ.

ಭಾವ ತೀರಿಹೋಗಿ ವರ್ಷಗಳಾದವು. ಆ ಬೆಳಿಗ್ಗೆ ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದವರು ಇಬ್ಬರು. ಪಳನಿಯಮ್ಮ ಕೊಳತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾಯಿ ಬೇಡವೆಂದಿತು, ಆಮೇಲೆ ಒದರಿದ್ದು ಚಳಿಗೆ ಎನ್ನುತ್ತಾಳೆ. ಅಕ್ಕ ಮಾದಮ್ಮ ಅದೇ ಮನೆಯಲ್ಲಿದ್ದಾಳೆ. ಅವಳನ್ನು ಕೇಳಿದರೆ ಹೇಳುತ್ತಾಳೆ: ಮಣಿ ಒಪ್ಪಿತ್ತು, ಒಪ್ಪದೆ ಹೋದವರು ನಿನ್ನ ಭಾವ.