ಒದೆಯುವ ಎಮ್ಮೆಯ ಮಗಳು

ಶಿರಗುಪ್ಪಿಯ ದುಂಡೇಶ ಎಮ್ಮೆ ಕೊಳ್ಳುವಾಗ ಅದರ ತಾಯಿಯ ಗುಣ ಕೇಳದೆ ಹಗ್ಗ ಹಿಡಿದವನಲ್ಲ. ಸುತ್ತಲಿನ ಊರಿನವರು ಅವನ ಕಣ್ಣನ್ನು ನಂಬುತ್ತಾರೆ. ಅವನ ಬುದ್ಧಿ ಕೊಟ್ಟಿಗೆಯ ಬಾಗಿಲಿಗೇ ಮುಗಿಯುತ್ತದೆ.

ಅಪ್ಪ ಕುಡಿದೇ ಸತ್ತ. ದುಂಡೇಶ ಇಪ್ಪತ್ತು ವರ್ಷಗಳಿಂದ ಕುಡಿಯುತ್ತಿದ್ದಾನೆ. ಕಳೆದ ವಾರ ಡಾಕ್ಟರು, "ಚಟ ಬೇಗ ಅಂಟೂ ಗುಣ ನಿಮ್ಮ ರಕ್ತದಾಗ ಇರಬಹುದು. ಅದಕ್ಕ ನೀವು ಉಳದವರಕಿಂತ ಹೆಚ್ಚು ಹುಷಾರ್ ಇರಬೇಕ್ರಿ" ಎಂದರು. ಅವನು ಮೊದಲ ಮಾತನ್ನಷ್ಟೇ ಸತ್ಕಾರದ ಶಾಲಿನಂತೆ ಹೊದ್ದುಕೊಂಡು ಮನೆಗೆ ಬಂದ.

ಇಂದು ಬೆಳಿಗ್ಗೆ ಹೆಂಡತಿ ಕೋಮಲ ಬ್ಯಾಗು ತುಂಬಿ ನಿಂತಿದ್ದಳು. ಅವನು ಚಟ ಬಿಡಿಸುವ ಕೇಂದ್ರಕ್ಕೆ ಹೊರಡದಿದ್ದರೆ ಅವಳು ಸತ್ತಿ ಊರಿನ ತವರಿಗೆ ಹೊರಡುವವಳು. ಅವನ ಅಕ್ಕ ಉಜ್ವಲಾ ಕೊನೆಯ ಮಾತಿಗೆಂದು ಕೊಟ್ಟಿಗೆಗೆ ಬಂದಳು. ದುಂಡೇಶ ಹಾಲು ಕರೆಯುವ ಮುನ್ನ ಎಮ್ಮೆಯ ಹಿಂಗಾಲಿಗೆ ಹಗ್ಗ ಸುತ್ತುತ್ತಿದ್ದ.

"ನಂದೇನ ತಪ್ಪೈತಿ ಅಕ್ಕಾ? ರಕ್ತದಾಗ ಐತಿ ಅಂತ ಡಾಕ್ಟರ ಹೇಳ್ಯಾರ."

"ಅದ ರಕ್ತ ನನಗೂ ಐತಿ. ಅದಕ್ಕ ನಾ ಒಂದ ಹನಿ ಮುಟ್ಟಿಲ್ಲ. ಈ ಎಮ್ಮಿ ಒಂದ ದಿನಾನೂ ಒದ್ದಿಲ್ಲಲಾ, ಕಾಲ ಯಾಕ ಕಟ್ಟಾಕತ್ತಿ?"

"ಇದರವ್ವ ಒದಿತಿತ್ತಲಾ. ಒದಿಯೂಕಿಂತ ಮೊದಲ ಕಟ್ಟಬೇಕ."

ತನ್ನ ಮಾತು ತನ್ನ ಕಿವಿಗೇ ಬೀಳದವನಂತೆ ಅವನು ಗಂಟು ಬಿಗಿದ. ಉಜ್ವಲಾ ಹೊರಗೆ ಬಂದು ಕೋಮಲಳ ಬ್ಯಾಗು ಎತ್ತಿಕೊಂಡಳು.

ಬಸ್ಸು ತಡವಾಯಿತು. ನಿಲ್ದಾಣದಲ್ಲಿ ನಿಂತ ಇಬ್ಬರ ಮುಂದೆಯೇ ದುಂಡೇಶ, ಹಾಲು ಕರೆದು ಮುಗಿಸಿ, ದಾರಿ ದಾಟಿ ಸಾರಾಯಿ ಅಂಗಡಿಗೆ ನಡೆದ.