ಪಾಲಿಶ್ ಮೇಸ್ತ್ರಿಯ ಬೆರಳು

ಮೇಸ್ತ್ರಿಯ ಅಂಗಿಯ ಗುಂಡಿಗಳು ಬೆನ್ನಿಗಿರುತ್ತಿದ್ದವು. ಬೆಳಿಗ್ಗೆ ಕಾರು ಪಾಲಿಶ್ ಮಾಡುವ ಶೆಡ್ಡಿಗೆ ಬಂದವರೇ ಮೈಮೇಲಿನ ಅಂಗಿ ಕಳಚಿ ಮೊಳೆಗೆ ನೇತುಹಾಕಿ, ಕಾಲರ್ ಸವೆದ ಹಳೆಯ ತುಂಬುತೋಳಿನ ಅಂಗಿಯೊಂದನ್ನು ಹಿಂದುಮುಂದಾಗಿ ತೊಟ್ಟುಕೊಳ್ಳುತ್ತಿದ್ದರು. ಎದೆಯ ಕಡೆ ಬರೀ ಬಟ್ಟೆ. ಕಾರಿನ ಬಾನೆಟ್ ಮೇಲೆ ಬಾಗಿದಾಗ ಒಂದೇ ಒಂದು ಗುಂಡಿ ತಾಗಿದರೂ ಗೀರು ಬೀಳುತ್ತದೆಂದು ಈ ಏರ್ಪಾಡು. ಬೆರಳಿನ ಉಂಗುರ, ಉಡಿದಾರಕ್ಕೆ ಕಟ್ಟಿದ ಬೀಗದ ಕೈ ಕೂಡ ಅದೇ ಮೊಳೆಗೆ ಹೋಗುತ್ತಿದ್ದವು. ಬೆನ್ನಿನ ನಡುವೆ ತಮ್ಮ ಕೈಗೆ ಎಟುಕದ ಎರಡು ಗುಂಡಿಗಳಿಗಾಗಿ ಹತ್ತಿರ ಯಾರಿದ್ದರೋ ಅವರ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಲ್ಲುವರು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನನ್ನ ಮುಂದೆ ಹಾಗೆ ನಿಂತದ್ದು ನಾನು ಅಲ್ಲಿಗೆ ಹೋಗತೊಡಗಿದ ಎರಡನೆಯ ವಾರ. ಮನೆಯವರಲ್ಲದ ಗಂಡಸರ ಅಂಗಿಯನ್ನು ನಾನು ಅದುವರೆಗೆ ಮುಟ್ಟಿದವಳಲ್ಲ. ಸ್ವಲ್ಪ ಹೊತ್ತು ಹಿಂಜರಿದು ಎರಡೂ ಗುಂಡಿ ಹಾಕಿದೆ. ‘ಆತು’ ಎಂದು ಹೇಳಿ ಅವರು ಕೆಲಸಕ್ಕೆ ಹೋದರು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾರಿನ ಬಣ್ಣದ ಮೇಲೆ ಹಚ್ಚುವ ಕೋಟಿಂಗ್ ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ಆಗಷ್ಟೇ ಸೇರಿದ್ದೆ. ಮಾರತ್ತಹಳ್ಳಿಯ ಪಿಜಿಯಲ್ಲಿ ವಾಸ. ನಮ್ಮ ಕೋಟಿಂಗ್ ಕೊಳ್ಳುವ ಶೆಡ್ಡುಗಳಿಗೆ ಹೋಗಿ ಅದನ್ನು ಹೇಗೆ ಹಚ್ಚಬೇಕೆಂದು ತೋರಿಸಿಕೊಡುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಆ ಶೆಡ್ಡು ಅಂಥವುಗಳಲ್ಲಿ ಒಂದು. ಅದರ ಮಾಲೀಕ ನನಗಿಂತ ಐದಾರು ವರ್ಷ ದೊಡ್ಡವನಿರಬಹುದು. ಅವನ ಅಜ್ಜ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಪಾಲಿಶ್, ಕೋಟಿಂಗ್ ಎರಡಕ್ಕೂ ಅಲ್ಲಿ ಈ ಮೇಸ್ತ್ರಿಯೇ ಮುಖ್ಯಸ್ಥರು. ಅರವತ್ತರ ಹತ್ತಿರದ ವಯಸ್ಸು, ಗದಗಿನ ಕಡೆಯ ಊರು. ಊರಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಬಳಿಯುತ್ತಿದ್ದವರು, ಮಳೆ ಕೈಕೊಟ್ಟು ಟ್ರೇಲರ್ ಕೊಳ್ಳುವವರು ಕಡಿಮೆಯಾದಾಗ ಬೆಂಗಳೂರಿಗೆ ಬಂದು ಕಾರಿನ ಗ್ಯಾರೇಜು ಸೇರಿದರಂತೆ. ಹೆಂಡತಿ ತೀರಿಕೊಂಡಿದ್ದರು, ಮಗಳು ಊರಲ್ಲಿದ್ದಳು. ಎಲ್ಲರೂ ಕರೆಯುವಂತೆ ನಾನೂ ಮೇಸ್ತ್ರಿ ಎಂದೇ ಕರೆದೆ.

ಮೊದಲ ದಿನವೇ ಅವರಿಂದ ಬೈಸಿಕೊಂಡೆ. ಕಪ್ಪು ಕಾರೊಂದರ ಬಣ್ಣ ನೋಡಲು ಬಾಗಿದಾಗ ನನ್ನ ಕೊರಳಿನ ಐಡಿ ಕಾರ್ಡು ಬಾಗಿಲಿಗೆ ತಾಗಿತ್ತು. ‘ಮೇಡಮ್ರ, ಮೊದ್ಲು ಕೊಳ್ಳಾಗಿನ ಗಂಟಿ ತಗೀರಿ’ ಎಂದರು. ದನದ ಕೊರಳಿನ ಗಂಟೆ ಅವರ ಮನಸ್ಸಿನಲ್ಲಿತ್ತೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಾಲೀಕ ಆ ಕಡೆ ತಿರುಗಿ ನಗುತ್ತಿದ್ದ.

ಕಾರಿನ ಮೈ ನೋಡಿ ಅದು ಎಲ್ಲಿ ನಿಲ್ಲುತ್ತದೆಂದು ಹೇಳುವುದು ಅವರ ಹವ್ಯಾಸ. ಬಿಳಿ ಚುಕ್ಕೆ ಇದ್ದರೆ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು. ಚಾವಣಿಯ ಮೇಲೆ ಒರಟಾದ ಬೂದುಬಣ್ಣದ ಪುಡಿ ಇದ್ದರೆ ವೈಟ್‌ಫೀಲ್ಡಿನಲ್ಲಿ ಎದ್ದು ನಿಲ್ಲುತ್ತಿರುವ ಯಾವುದೋ ಕಟ್ಟಡದ ಪಕ್ಕದ್ದು. ಕಬ್ಬಿಣ ಕೊರೆಯುವ ಕಾರ್ಖಾನೆಗಳ ಎದುರು ನಿಲ್ಲುವ ಗಾಡಿಗಳಿಗೆ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ದ್ರಾವಣ ಸಿಂಪಡಿಸಿದರೆ ಬಾಗಿಲ ತುಂಬಾ ನೇರಳೆ ಗೆರೆಗಳು ಇಳಿಯತೊಡಗುತ್ತವೆ. ಅದು ಯಾವ ರಾಸಾಯನಿಕ ಕ್ರಿಯೆ ಎಂದು ನಾನು ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು, ಗಾಡಿಗೆ ನೆಗಡಿ ಆಗಿದೆ ಅಷ್ಟೇ ಎಂದಿದ್ದರು.

ಕೋಟಿಂಗ್ ಹಚ್ಚುವುದಕ್ಕಿಂತ ಅದಕ್ಕೆ ಮೈ ಸಿದ್ಧ ಮಾಡುವುದೇ ದೊಡ್ಡ ಕೆಲಸ. ತೊಳೆಯಬೇಕು, ಅಂಟಿದ ಕೊಳೆಯನ್ನು ಕಣಕದಂಥ ಕ್ಲೇ ಉಜ್ಜಿ ತೆಗೆಯಬೇಕು, ಪಾಲಿಶ್ ಹಿಡಿದು ಸಣ್ಣ ಗೀರುಗಳನ್ನು ಮಾಯ ಮಾಡಬೇಕು. ಕೊನೆಗೆ ಆ ಪಾಲಿಶ್ ಬಿಟ್ಟುಹೋದ ಎಣ್ಣೆಯನ್ನೂ ಸ್ಪಿರಿಟ್ಟಿನಿಂದ ಒರೆಸಿ ತೆಗೆಯಬೇಕು. ಎಣ್ಣೆ ಉಳಿದರೆ ಕೋಟಿಂಗ್ ಕಚ್ಚಿಕೊಳ್ಳುವುದಿಲ್ಲ. ಪಾಲಿಶ್ ಎಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಕೂದಲೆಳೆಯಷ್ಟು ತೇಯುವುದೇ. ಹಾಗಾಗಿ ಮೇಸ್ತ್ರಿ ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದದ್ದೂ ಉಂಟು. ಈ ಗೀರು ಹೋಗಬೇಕಾದರೆ ಬಣ್ಣವೂ ಹೋಗುತ್ತದೆ, ಗೀರು ಇರಲಿ ಬಿಡಿ ಎನ್ನುತ್ತಿದ್ದರು. ಮಾಲೀಕ ಒಳಗೊಳಗೇ ಸಿಡುಕುತ್ತಿದ್ದ. ‘ಮೇಸ್ತ್ರಿ, ಬಂದಿರೋ ಪಾರ್ಟಿನ ನೀವೇ ಓಡಿಸ್ತೀರಲ್ಲ ಗುರುವೇ’ ಎಂದು ಒಮ್ಮೆ ಕೈಮುಗಿದಿದ್ದ.

ಇದೆಲ್ಲವನ್ನೂ ಅವರು ನೋಡುತ್ತಿದ್ದದ್ದು ಬಲಗೈಯ ಬೆರಳಿನಿಂದ. ಎಡಗೈಗೆ ಗ್ಲೌಸ್ ಇರುತ್ತಿತ್ತು. ಎರಡೂ ಕೈಗೆ ಹಾಕಿಕೊಳ್ಳಿ, ಚರ್ಮಕ್ಕೆ ಒಳ್ಳೆಯದಲ್ಲ ಎಂದು ನಾನು ಹಲವು ಸಲ ಹೇಳಿದೆ. ಹಚ್ಚುವಾಗ ಹಾಕಿಕೊಂಡು, ಮುಟ್ಟಿ ನೋಡುವಾಗ ಬಲಗೈಯದನ್ನು ಕಳಚಿಬಿಡುವರು.

ನನ್ನಿಂದ ಒಂದು ತಪ್ಪು ನಡೆದದ್ದು ಅಲ್ಲಿನ ನನ್ನ ಮೊದಲ ಬೇಸಿಗೆಯಲ್ಲಿ. ನಮ್ಮ ಕಂಪನಿ ಹೊಸ ಕೋಟಿಂಗ್ ತಂದಿತ್ತು. ಅದರ ಬಳಕೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದವಳು ನಾನೇ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ‘ಹಚ್ಚಿದ ನಂತರ ಮೂರು ನಿಮಿಷ ಬಿಟ್ಟು ಒರೆಸಿ’ ಎಂಬುದು ಅದರಲ್ಲೊಂದು ಸಾಲು. ಆ ಮೂರು ನಿಮಿಷವನ್ನು ನಾನು ಅಳೆದದ್ದು ಏ.ಸಿ. ಇರುವ ಪ್ರಯೋಗಾಲಯದಲ್ಲಿ. ದೊಡ್ಡನೆಕ್ಕುಂದಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ, ಕಪ್ಪು ಬಾನೆಟ್ಟಿನ ಮೇಲೆ ಅಲ್ಲ.

ಅದು ಕೊಂಡು ಎರಡು ವಾರವೂ ಆಗದ ಕಾರು. ಮೇಸ್ತ್ರಿ ಬಾನೆಟ್ಟಿಗೆ ಹಚ್ಚಿ ಮುಗಿಸಿದರು, ನಾನು ಫೋನಿನಲ್ಲಿ ಸಮಯ ನೋಡತೊಡಗಿದೆ. ಒಂದು ನಿಮಿಷ ಆಗಿತ್ತೋ ಇಲ್ಲವೋ, ಅವರು ಗ್ಲೌಸ್ ಕಳಚಿ ಕಿರುಬೆರಳಿನಿಂದ ಅಂಚನ್ನು ಮುಟ್ಟಿದರು. ‘ಕೂಡಾಕತ್ತೈತ್ರಿ’ ಎಂದರು, ಮೆಲ್ಲಗೆ. ಗಟ್ಟಿಯಾಗತೊಡಗಿದೆ ಎಂದು ಅದರರ್ಥ. ಇನ್ನೂ ಎರಡು ನಿಮಿಷ ಇದೆ ಎಂದೆ. ಅವರು ನನ್ನ ಮುಖ ನೋಡಿ ಸುಮ್ಮನಾದರು. ಎರಡು ನಿಮಿಷ ಕಳೆದು ಬಟ್ಟೆ ಹಾಕಿದಾಗ ಅದು ಜಾರಲೇ ಇಲ್ಲ. ಬಾನೆಟ್ಟಿನ ತುಂಬಾ ಗಂಜಿ ಒಣಗಿದಂಥ ಪಟ್ಟೆಗಳು ಎದ್ದಿದ್ದವು.

ಅದನ್ನು ತೆಗೆಯಲು ಇದ್ದ ದಾರಿ ಮತ್ತೆ ಪಾಲಿಶ್ ಹಿಡಿಯುವುದೊಂದೇ. ಎಂದರೆ ಹೊಸ ಕಾರಿನ ಮೈ ತೇಯುವುದು. ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆಂದು ಮೇಸ್ತ್ರಿ ಅಲ್ಲೆಲ್ಲ ಟೇಪು ಅಂಟಿಸಿ, ನಡುವೆ ಯಂತ್ರದಿಂದ, ಅಂಚಿನಲ್ಲಿ ಕೈಯಿಂದ ಸಂಜೆಯವರೆಗೆ ಉಜ್ಜಿದರು. ಪಟ್ಟೆ ಹೋಯಿತು. ಆದರೆ ಕಾರಿನವರು ಬಂದಾಗ ಕೆಲಸ ಇನ್ನೂ ಅರ್ಧದಲ್ಲಿತ್ತು. ಹೊಸ ಗಾಡಿಯನ್ನು ಹಾಗೆ ನೋಡಿ ಕೂಗಾಡಿ ಹೋದರು. ಅವರು ಹೋದ ಮೇಲೆ ಮಾಲೀಕ ಮೇಸ್ತ್ರಿಯನ್ನು ಕರೆದ. ನಾನು ಅಲ್ಲೇ ನಿಂತಿದ್ದೆ.

‘ಹೊಸ ಮೆಟೀರಿಯಲ್ಲು ನಿಮ್ಗೆ ಆಗಲ್ಲ ಮೇಸ್ತ್ರಿ, ವಯಸ್ಸಾಯ್ತು. ನಾಳೆಯಿಂದ ವಾಷಿಂಗ್ ನೋಡ್ಕೊಳ್ಳಿ. ಕೋಟಿಂಗ್‌ಗೆ ಬೇರೆಯೋರ್ನ ತರ್ತೀನಿ’ ಎಂದ. ದನಿ ಏರಿಸಲಿಲ್ಲ. ಮೇಸ್ತ್ರಿ ‘ಹೂನ್ರಿ’ ಎಂದರು.

ನಾನು ಏನೂ ಹೇಳಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಆರು ತಿಂಗಳ ಪರೀಕ್ಷೆಯ ಅವಧಿ ಮುಗಿಯಲು ಮೂರು ವಾರ ಉಳಿದಿತ್ತು. ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೋದೆ.

ಮರುದಿನ ಬೇರೆ ಶೆಡ್ಡಿಗೆ ಹೋದೆ. ಅದರ ಮರುದಿನ ಆಫೀಸು. ಮೂರನೆಯ ದಿನ ದೊಡ್ಡನೆಕ್ಕುಂದಿಗೆ ಹೋದಾಗ ಮೇಸ್ತ್ರಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಚಕ್ರಗಳಿಗೆ ನೀರು ಹೊಡೆಯುತ್ತಿದ್ದರು. ‘ಬರ್ರಿ’ ಎಂದರು, ಎಂದಿನಂತೆ. ಆ ದಿನವೂ ಹೇಳಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಬೇರೆ ಯಾರೂ ಬರುವ ಮುಂಚೆ ಹೋಗಿ ಮಾಲೀಕನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮೇಸ್ತ್ರಿ ಸರಿಯಾದ ಸಮಯಕ್ಕೆ ಹೇಳಿದ್ದರು, ಕಾಯಿಸಿದವಳು ನಾನು ಎಂದೆ. ಅವನು ‘ಮೊದ್ಲೇ ಹೇಳೋದಲ್ವಾ ಮೇಡಂ’ ಎಂದ. ಅಂದೇ ಮೇಸ್ತ್ರಿಯನ್ನು ಕೋಟಿಂಗಿಗೆ ವಾಪಸು ಹಾಕಿದ, ನನ್ನ ಮ್ಯಾನೇಜರಿಗೆ ಫೋನನ್ನೂ ಮಾಡಿದ. ನನ್ನ ಪರೀಕ್ಷೆಯ ಅವಧಿ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು.

ಮೇಸ್ತ್ರಿಯ ಹತ್ತಿರ ಹೋಗಿ ಕ್ಷಮಿಸಿ ಎಂದೆ. ಅವರು ಪೈಪಿನ ನೀರು ನಿಲ್ಲಿಸಿ ಬಂದರು.

‘ನೀವು ಗಡಿಯಾರ ನೋಡಿ ಹೇಳಿದ್ರಿ. ಹೊಸಬರು, ತಪ್ಪತೈತಿ. ನನ್ನ ಬೆರಳಿಗೆ ಗೊತ್ತಿತ್ತಲ್ಲ? ಮೇಡಮ್ಮಾರು ಓದ್ಯಾರ, ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ಮನಾದೆ. ಗೊತ್ತಿದ್ದೂ ಸುಮ್ಮನಿದ್ದೆ ನೋಡ್ರಿ, ಅದು ನಂದು. ಅದಕ್ಕ ನೀವು ಕೈ ಹಚ್ಚಬ್ಯಾಡ್ರಿ.’

ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಮುಂದುವರಿಸಿದರು. ಮೊದಲ ಸಲ ಏಕವಚನ ಬಂತು.

‘ಇನ್ನ ಮ್ಯಾಲ ನನಗ ಗೊತ್ತಾದ್ದು ನಾ ಹೇಳ್ತೇನಿ. ನಿನಗ ಗೊತ್ತಾದ್ದು ನೀ ಹೇಳು ತಂಗಿ. ಒಬ್ಬರ ಮಾರಿ ಒಬ್ಬರು ನೋಡಿ ಸುಮ್ಮನಾಗೋದು ಬ್ಯಾಡ.’

ಅದಾದ ಮೇಲೆ ಸೂಚನೆಗಳ ಹಾಳೆಯಿಂದ ನಿಮಿಷದ ಲೆಕ್ಕ ತೆಗೆದೆ. ಗಾಡಿಯ ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಬಣ್ಣದ ಛಾಯೆ ಎದ್ದು ಬೆರಳಿಗೆ ಸ್ವಲ್ಪ ಅಂಟಿದೊಡನೆ ಒರೆಸಬೇಕೆಂದು ಬರೆದೆ. ಅಂಟು ಎಷ್ಟಿರಬೇಕೆಂದು ಬರೆಯಲು ಮೇಸ್ತ್ರಿಯ ಜೊತೆ ಕೂತು ಒಂದು ದಿನವಿಡೀ ಹೆಣಗಿದೆ. ಹಲಸಿನ ಹಣ್ಣಿನ ಮೇಣಕ್ಕಿಂತ ಕಮ್ಮಿ, ಬೆಲ್ಲ ಮುಟ್ಟಿದ ಕೈಗಿಂತ ಜಾಸ್ತಿ ಎಂದರು. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. ಹಣ್ಣನ್ನು ತೆಗೆದು ಬೆಲ್ಲವನ್ನು ಉಳಿಸಿಕೊಂಡೆ.

ಹೀಗೆ ಎರಡು ವರ್ಷ ಕಳೆಯಿತು. ವಾರಕ್ಕೊಂದು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಎಣ್ಣೆ ಉಳಿದ ಮೈಗೂ ಒಣ ಮೈಗೂ ಬೆರಳಿನಲ್ಲಿ ವ್ಯತ್ಯಾಸ ಗೊತ್ತಾಗುವುದನ್ನು ನನಗೆ ಕಲಿಸಿದರು. ಕಣ್ಣು ಮುಚ್ಚಿಸಿ, ಯಾವ ಬಾಗಿಲು ಒರೆಸಿದ್ದು, ಯಾವುದು ಒರೆಸದ್ದು ಎಂದು ಕೇಳುವರು. ತಪ್ಪಿದರೆ, ಎಂ.ಎಸ್ಸಿ. ಓದಿದ ಊರಿಗೆ ವಾಪಸು ಕಳಿಸುತ್ತೇನೆ ಎಂದು ರೇಗಿಸುವರು.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ನಡೆಯುವಾಗ ಚಪ್ಪಲಿ ಕಳಚಿಕೊಂಡರೂ ತಿಳಿಯುವುದಿಲ್ಲ ಎಂದು ಅವರೇ ನಗುತ್ತಾ ಹೇಳಿದ್ದರು. ಕಾಲಿಗೆ ಬಂದದ್ದು ಕೈಗೂ ಬರಬಹುದೆಂದು ನಾನು ಯೋಚಿಸಿರಲಿಲ್ಲ. ಅವರು ಯೋಚಿಸಿದ್ದರೋ ಏನೋ.

ಒಂದು ಬೆಳಿಗ್ಗೆ ಬಿಳಿ ಕಾರೊಂದಕ್ಕೆ ಪಾಲಿಶ್ ಮುಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ಎಂದಿನಂತೆ ಬಾನೆಟ್ಟಿನಿಂದ ಹಿಂಬದಿಯವರೆಗೆ ಬೆರಳಾಡಿಸಿ, ‘ಆತು, ಹಚ್ಚೋಣ’ ಎಂದರು. ಅವರ ಹಿಂದೆಯೇ ನಾನೂ ಅಭ್ಯಾಸದಂತೆ ಮುಟ್ಟುತ್ತಾ ಹೋದೆ. ಚಾಲಕನ ಬಾಗಿಲ ಹಿಡಿಕೆಯ ಕೆಳಗೆ ಬೆರಳು ಜಾರಿತು. ಅಂಗೈಯಗಲದ ಜಾಗದಲ್ಲಿ ಎಣ್ಣೆ ಹಾಗೇ ಇತ್ತು. ಕಲಿಯುವವರು ಕೂಡ ತಪ್ಪದಷ್ಟು ಇತ್ತು. ಮಾಲೀಕ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಮೇಸ್ತ್ರಿ ಬೇರೆ ಕಡೆ ನೋಡುತ್ತಿರುವಾಗ ನಾನೇ ಒರೆಸಿಬಿಡಬಹುದಿತ್ತು. ಬಟ್ಟೆ ಕೈಯಲ್ಲೇ ಇತ್ತು.

‘ಮೇಸ್ತ್ರಿ, ಇಲ್ಲಿ ಎಣ್ಣೆ ಉಳಿದಿದೆ’ ಎಂದೆ.

ಅವರು ಬಂದು ಬಲಗೈ ಬೆರಳಿಟ್ಟರು. ಆಮೇಲೆ ಎಡಗೈಯ ಗ್ಲೌಸ್ ತೆಗೆದು ಆ ಬೆರಳನ್ನೂ ಇಟ್ಟರು. ಎರಡೂ ಏನೂ ಹೇಳಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ನೆಲಕ್ಕೆ ಮಂಡಿಯೂರಿ ಕೂತು, ಕೆನ್ನೆಯನ್ನು ಬಾಗಿಲಿಗೆ ಒತ್ತಿ, ಅತ್ತಿತ್ತ ಸ್ವಲ್ಪ ಸರಿಸಿದರು.

‘ಹೌದು, ಐತಿ’ ಎಂದರು.

ಎದ್ದು ಸೀದಾ ಮಾಲೀಕನ ಹತ್ತಿರ ಹೋದರು. ತನ್ನ ಬೆರಳು ಸತ್ತಿವೆ, ಇನ್ನು ಮೇಲೆ ತನ್ನಿಂದ ಕೋಟಿಂಗ್ ಮಾಡಿಸಬೇಡಿ ಎಂದು ಹೇಳುವುದು ನನಗೆ ಕೇಳಿಸಿತು. ಮಾಲೀಕ ಫೋನು ಕಿವಿಯಿಂದ ತೆಗೆದು, ದೊಡ್ಡ ಲೈಟು ಹಾಕಿಸುತ್ತೇನೆ, ಕಣ್ಣಲ್ಲೇ ನೋಡಿ ಮಾಡಿ ಎಂದು ಬಹಳ ಕೇಳಿಕೊಂಡ. ಹಿಂದೊಮ್ಮೆ ಇದೇ ಕೆಲಸ ಬಿಡಿಸಿದ್ದವನು ಈಗ ನಿಜಕ್ಕೂ ಗಾಬರಿಯಾಗಿದ್ದ. ಮೇಸ್ತ್ರಿ ಒಪ್ಪಲಿಲ್ಲ. ತಮ್ಮ ಜಾಗಕ್ಕೆ ಬರುವವರಿಗೆ ಕಲಿಸಿ ಊರಿಗೆ ಹೋಗುವುದಾಗಿ ಹೇಳಿದರು.

ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ರಸ್ತೆಯ ತುದಿಯ ಚಹಾ ಗಾಡಿಗೆ ಕರೆದುಕೊಂಡು ಹೋದರು. ಸಕ್ಕರೆ ಹಾಕದ ಚಹಾವನ್ನು ಊದಿ ಊದಿ ಅರ್ಧ ಕುಡಿದ ಮೇಲೆ ಮಾತು ಹೊರಟಿತು.

‘ಎರಡ ದಿನ ಸಿಟ್ಟಿತ್ತು. ನಿನ್ನ ಮ್ಯಾಲ ಇತ್ತು, ಸುಳ್ಳ್ಯಾಕ ಹೇಳ್ಲಿ. ನನ್ನ ಕಣ್ಣು ತಪ್ಪಿಸಿ ನೀನ ಒರೆಸಿದ್ದಿ ಅಂದ್ರ, ಇದಕ್ಕಿಂತ ಜಾಸ್ತಿ ಬರ್ತಿತ್ತು.’

ಬಟ್ಟೆ ನನ್ನ ಕೈಯಲ್ಲಿದ್ದದ್ದನ್ನು ಅವರು ನೋಡಿದ್ದರು.

ನಾಲ್ಕು ತಿಂಗಳಾದ ಮೇಲೆ ಅವರು ಮಗಳ ಮನೆಗೆ ಹೋದರು. ಹಬ್ಬಗಳಿಗೆ ಫೋನು ಮಾಡುತ್ತಿದ್ದರು; ಊರಿಗೆ ಬರುವ ಕಾರುಗಳಿಗೆಲ್ಲ ಕೆನ್ನೆ ಕೊಡುತ್ತಿದ್ದೇನೆ, ಮಗಳು ಬೈಯುತ್ತಾಳೆ ಎಂದು ನಗುತ್ತಿದ್ದರು. ಹೋದ ವರ್ಷ ಮಳೆಗಾಲದಲ್ಲಿ ಕಾಲಿನ ಗಾಯ ಮಾಗದೆ ಆಸ್ಪತ್ರೆ ಸೇರಿದವರು ಮತ್ತೆ ಮನೆಗೆ ಬರಲಿಲ್ಲ. ಮಾಲೀಕ ಫೋನು ಮಾಡಿ ತಿಳಿಸಿದಾಗ ಅಂತ್ಯಕ್ರಿಯೆ ಮುಗಿದು ಎರಡು ದಿನವಾಗಿತ್ತು.

ಮಾಲೀಕನಿಗೆ ನಿಜ ಹೇಳಲು ನನಗೆ ಮೂರು ದಿನ ಯಾಕೆ ಹಿಡಿಯಿತೆಂದು ಮೇಸ್ತ್ರಿ ಒಂದು ಸಲವೂ ಕೇಳಲಿಲ್ಲ. ಕೇಳಿಯೇ ಕೇಳುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೊದಮೊದಲು ಅದು ಉದ್ದವಾಗಿತ್ತು: ಮ್ಯಾನೇಜರು, ಪಿಜಿ ಬಾಡಿಗೆ, ಮನೆಯ ಪರಿಸ್ಥಿತಿ. ವರ್ಷಗಳು ಹೋದಂತೆ ಒಂದೊಂದೇ ಕಾರಣ ಉದುರಿ, ಈಗ ಹೆದರಿದ್ದೆ ಎಂಬ ಒಂದು ಮಾತು ಮಾತ್ರ ಉಳಿದಿದೆ. ಅಷ್ಟನ್ನು ಅವರಿಗೆ ನಾನಾಗಿಯೇ ಹೇಳಬೇಕಾಗಿತ್ತು.