ಚರಗದ ದಿನ ಹಿಂದಿನಿಂದ ಓಗೊಟ್ಟ ದನಿ

ದೆವ್ವ, ಗಾಳಿ, ಸೋಕು ಇಂಥ ಮಾತು ಬಂದರೆ ನಾನು ಎದ್ದು ಹೋಗುವವನು. ಈಗಲೂ ಅಷ್ಟೇ. ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಗದಗ ಸೀಮೆಯ ಮಾಗಡಿ ಕೆರೆಯ ಸುತ್ತ ಒಬ್ಬನೇ ಅಲೆದವನು. ನರಿ ಎದುರಾಗಿದೆ, ತೋಳ ಎದುರಾಗಿದೆ, ಒಮ್ಮೆ ಹಾವೊಂದು ಬೂಟಿನ ಮೇಲೆಯೇ ಹರಿದು ಹೋಗಿದೆ. ದೆವ್ವ ಮಾತ್ರ ಎಲ್ಲಿಯೂ ಸಿಕ್ಕಿಲ್ಲ. ಹಾಗಾಗಿ ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದು ನನ್ನ ಒತ್ತಾಯವೇನಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮ ಮನೆ ಊರ ಹೊರಗೆ, ಹೊಲಕ್ಕೆ ಹೊಂದಿಕೊಂಡೇ ಇತ್ತು. ಚಳಿಗಾಲ ಬಂತೆಂದರೆ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಬಾತುಗಳು ಹಿಮಾಲಯದ ಆಚೆಯಿಂದ ಬಂದು ಕೆರೆಗೆ ಇಳಿಯುತ್ತಿದ್ದವು. ಇರುಳೆಲ್ಲ ನಮ್ಮ ಕಡಲೆ ಹೊಲದಲ್ಲಿ ಮೇಯ್ದು, ಬೆಳಕು ಹರಿಯುವಾಗ ಹಿಂಡುಹಿಂಡಾಗಿ ಎದ್ದು ನೀರಿಗೆ ಮರಳುತ್ತಿದ್ದವು. ಮೇಯ್ದದ್ದು ಅಪ್ಪನ ಕಡಲೆ, ಸಂತೋಷ ನನ್ನದು. ಅವು ನೆಲ ಬಿಟ್ಟೇಳುವ ಆ ಗಳಿಗೆಯ ಒಂದು ಒಳ್ಳೆಯ ಫೋಟೊಗಾಗಿ ನಾನು ಎಷ್ಟೋ ರೋಲು ಹಾಳು ಮಾಡಿದ್ದೆ.

ಆ ವರ್ಷ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದಿತ್ತು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಇದು ತಪ್ಪುವಂತಿಲ್ಲ. ಕಡುಬು, ರೊಟ್ಟಿ, ಅನ್ನ, ಪಲ್ಲೆ ಎಲ್ಲ ಕಲಸಿ ಬುಟ್ಟಿಯಲ್ಲಿ ತುಂಬಿಕೊಂಡು ಒಬ್ಬ ಮುಂದೆ ನಡೆಯುತ್ತಾನೆ. ಬದುವಿನ ಮೇಲೆ ಹೊಲದ ಸುತ್ತ ಅದನ್ನು ಚೆಲ್ಲುತ್ತ “ಹುಲಿಗ್ಯೋ” ಎಂದು ಕೂಗುತ್ತಾನೆ. ಇನ್ನೊಬ್ಬ ಅವನ ಹಿಂದೆ ಚರಿಗೆಯಲ್ಲಿ ನೀರು ಹಿಡಿದು, ಚಿಮುಕಿಸುತ್ತ, “ಚಲಾಂಬರಿಗೋ” ಎಂದು ಓಗೊಡುತ್ತಾನೆ. ಸುತ್ತು ಮುಗಿಯುವ ತನಕ ನಡುವೆ ಬೇರೆ ಮಾತಿಲ್ಲ, ಮುಂದಿನವನು ತಿರುಗಿ ನೋಡುವಂತಿಲ್ಲ. ನಮ್ಮ ಮನೆಯ ಕಟ್ಟಳೆ ಹಾಗಿತ್ತು.

ಎಲ್ಲರೂ ಚರಗ ಚೆಲ್ಲುವುದು ಹೊತ್ತೇರಿದ ಮೇಲೆ. ಬಾತುಗಳು ಏಳುವ ಹೊತ್ತಿಗೆ ನಾನು ಹೊಲದಲ್ಲಿರಬೇಕಾಗಿತ್ತು, ಹಾಗಾಗಿ ನಸುಕಿನಲ್ಲೇ ಮುಗಿಸೋಣ ಎಂದು ಅಪ್ಪನ ಬೆನ್ನು ಹತ್ತಿದೆ. ಕೆರೆಯ ಕಡೆಯಿಂದ ಮಂಜು ಕವಿದು ಅಂಗಳದ ತೊಲೆಗಂಬವೇ ಕಾಣುತ್ತಿರಲಿಲ್ಲ. ಅಪ್ಪನಿಗೆ ದಮ್ಮಿನ ಕಾಯಿಲೆ ಬೇರೆ.

“ಹೊತ್ತ ಏರ್ಲಿ, ಆಮ್ಯಾಲ ಹೋಗ್ರಿ. ಈ ಥಂಡ್ಯಾಗ ಅವರಿಗೆ ದಮ್ಮ ಹತ್ತತೈತಿ,” ಎಂದು ಅವ್ವ ನನ್ನನ್ನೇ ಗದರಿಸಿದಳು.

“ಇವಂಗ ದೇವರಕಿಂತ ಹಕ್ಕಿ ದೊಡ್ಡವು. ಆತು, ನಡೀಲೇ ತಮ್ಮಾ,” ಎಂದು ಅಪ್ಪ ಕಂಬಳಿ ಹೊದ್ದು, ಚರಿಗೆ ಹಿಡಿದು ಹೊರಟರು.

ಬುಟ್ಟಿ ನನ್ನ ಕೈಯಲ್ಲಿ, ಕ್ಯಾಮೆರಾ ಕೊರಳಲ್ಲಿ. ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ ಸುತ್ತು ಶುರುಮಾಡಿದೆವು. ಕಡಲೆಯ ಪಕ್ಕದಲ್ಲಿ ಎದೆಯೆತ್ತರ ಬೆಳೆದ ಬಿಳಿಜೋಳ, ಮೇಲೆ ಮಂಜು. ನಾನು ಕೂಗಿದಾಗೆಲ್ಲ ಹಿಂದಿನಿಂದ ತಪ್ಪದೆ ಉತ್ತರ ಬರುತ್ತಿತ್ತು. ಜೋಳದ ಎಲೆಗಳ ಮೇಲೆ ನೀರು ಬಿದ್ದ ಸದ್ದೂ ಕೇಳುತ್ತಿತ್ತು. ಮೊದಲ ಮೂಲೆಯಲ್ಲಿ ಹಳ್ಳದ ದಂಡೆಗುಂಟ ತಿರುಗಿದೆ, ಮುಂದಿನ ಮೂಲೆಯನ್ನೂ ತಿರುಗಿದೆ. ಎಲ್ಲಿಯೂ ಓಗೊಡುವುದು ತಪ್ಪಲಿಲ್ಲ. ಅಪ್ಪ ಇಂದು ಒಮ್ಮೆಯೂ ಕೆಮ್ಮಲಿಲ್ಲವಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಅಷ್ಟರಲ್ಲಿ ಮಂಜಿನೊಳಗೆ ಸೂರ್ಯ ಮಸುಕಾಗಿ ಕಂಡ. ಕಂಬಳಿ ಹೊದ್ದ ಅಪ್ಪ ಆ ಬೆಳಕಿನಲ್ಲಿ ಚರಿಗೆ ಹಿಡಿದು ಬರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ಬಾತುಗಳು ಮರೆತೇ ಹೋದವು. ತಿರುಗಿ ನೋಡಬಾರದು ನಿಜ, ಆದರೆ ನೋಡುವುದು ಕ್ಯಾಮೆರಾ ತಾನೆ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಬುಟ್ಟಿ ಕೆಳಗಿಟ್ಟು, ಇನ್ನೊಮ್ಮೆ ಕೂಗಿ, ಕ್ಯಾಮೆರಾ ಕಣ್ಣಿಗೆ ಹಿಡಿದು ತಿರುಗಿದೆ. “ಚಲಾಂಬರಿಗೋ” ಎಂಬ ದನಿ ತೀರ ಹತ್ತಿರದಿಂದ ಬಂತು. ನಾನು ಗುಂಡಿ ಒತ್ತಿದೆ. ಎದುರಿಗೆ ಯಾರೂ ಇರಲಿಲ್ಲ.

“ಯಪ್ಪಾ!” ಎಂದು ಕೂಗಿದೆ. ಈ ಸಲ ಉತ್ತರವಿಲ್ಲ. ಬಂದ ಬದುವಿನ ಮೇಲೆಯೇ ಬಿದ್ದು ಎದ್ದು ಹಿಂದಕ್ಕೆ ಓಡಿದೆ. ಅಪ್ಪ ಸಿಕ್ಕಿದ್ದು ಮೊದಲ ಮೂಲೆಯ ಹಳ್ಳದಲ್ಲಿ. ಕಾಲು ಮುರಿದು, ಅರ್ಧ ಮೈ ತಣ್ಣೀರಿನಲ್ಲಿ ನೆನೆದು, ತುಟಿ ನೀಲಿಗಟ್ಟಿತ್ತು. ಚರಿಗೆ ಅವರ ಪಕ್ಕದಲ್ಲೇ ಬೋರಲು ಬಿದ್ದಿತ್ತು.

ಅವರ ಮೊದಲ ಮಾತು, “ಚರಗ ಮುಗೀತೇನಲೇ?”

ಹೊತ್ತು ತಂದು, ಚಕ್ಕಡಿ ಕಟ್ಟಿ ಲಕ್ಷ್ಮೇಶ್ವರಕ್ಕೆ ಒಯ್ದೆವು. ಇನ್ನು ಸ್ವಲ್ಪ ತಡವಾಗಿದ್ದರೂ ಚಳಿಯೇ ಅವರನ್ನು ಮುಗಿಸಿಬಿಡುತ್ತಿತ್ತು ಎಂದರು ವೈದ್ಯರು. ಅಪ್ಪ ಸುಧಾರಿಸಿಕೊಂಡ ಮೇಲೆ ಒಂದು ದಿನ ಕೇಳಿದೆ: “ಬಿದ್ದ ಕೂಡ್ಲೇ ಒದರಬಾರದಾಗಿತ್ತೇನ ಯಪ್ಪಾ?”

“ಒದರಬೇಕಂತ ಬಾಯಿ ತಗದೆ. ಅಷ್ಟರಾಗ ನೀ ಕೂಗಿದಿ, ನಿನ್ನ ಹಿಂದ ಯಾರೋ ಓಗೊಟ್ಟರು. ನಾ ಬಿದ್ದದ್ದು ನೋಡಿ ಬಾಜೂ ಹೊಲದವರು ಯಾರೋ ನನ್ನ ಜಾಗಾಕ್ಕ ನಿಂತಾರ ಅಂದುಕೊಂಡೆ. ನಡುವ ಬಾಯಿ ಹಾಕಿ ಚರಗ ಯಾಕ ಕೆಡಿಸಬೇಕು? ಸುತ್ತ ಮುಗಿಸಿ ಇಬ್ಬರೂ ಬರ್ತೀರಿ ಅಂತ ಸುಮ್ನ ಮಕ್ಕೊಂಡೆ.”

“ಯಾರ ದನಿ ಅದು?”

“ಗುರುತ ಹತ್ತಲಿಲ್ಲೋ. ನಮ್ಮೂರವರದಂತೂ ಅಲ್ಲ, ಖರೆ.”

ನಾನು ಕೇಳಿದ್ದು ಅಪ್ಪನ ದನಿಯನ್ನೇ. ಈಗಲೂ ಆಣೆ ಮಾಡಿ ಹೇಳಬಲ್ಲೆ.

ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಅಕ್ಕಪಕ್ಕದ ಹೊಲದವರನ್ನೆಲ್ಲ ವಿಚಾರಿಸಿದೆ. ಆ ಮಂಜಿನಲ್ಲಿ ಹೊಲಕ್ಕೆ ಬರಲು ನಮಗೇನು ಹುಚ್ಚೇ ಎಂದು ನಕ್ಕರು. ಮುಂದಿನ ಚಳಿಗಾಲಗಳಲ್ಲಿ ಮಂಜು ಬಿದ್ದಾಗ ಅದೇ ಬದುವಿನ ಮೇಲೆ ನಿಂತು ಕೂಗಿ ಕೂಗಿ ನೋಡಿದೆ. ಆ ಬಯಲಿನಲ್ಲಿ ಪ್ರತಿಧ್ವನಿ ಎಂಬುದೇ ಇಲ್ಲ. ಗದಗಿನ ಸ್ಟುಡಿಯೋದಲ್ಲಿ ರೋಲು ತೊಳೆಸಿದಾಗ ಆ ಫೋಟೊದಲ್ಲಿ ಬದು, ಜೋಳ, ಮಂಜು ಬಿಟ್ಟರೆ ಏನೂ ಇರಲಿಲ್ಲ. ನನ್ನೊಬ್ಬನಿಗೇ ಕೇಳಿದ್ದರೆ ಕಿವಿಯ ಭ್ರಮೆ ಎಂದು ಎಂದೋ ಕೈತೊಳೆದುಕೊಳ್ಳುತ್ತಿದ್ದೆ. ಆದರೆ ಹಳ್ಳದಲ್ಲಿ ಬಿದ್ದಿದ್ದ ಅಪ್ಪನಿಗೂ ಅದು ಕೇಳಿತ್ತಲ್ಲ!

ಅಪ್ಪ ಮುಂದೆ ಬಹಳ ವರ್ಷ ಕುಂಟುತ್ತಲೇ ಹೊಲ ನೋಡಿಕೊಂಡರು. ಯಾರೋ ಪುಣ್ಯಾತ್ಮ ಬಂದು ತಮ್ಮ ಬದಲಿಗೆ ಚರಗ ನಡೆಸಿಕೊಟ್ಟ ಎಂದು ಕೊನೆಯವರೆಗೂ ಕೈಮುಗಿಯುತ್ತಿದ್ದರು. ನನಗೆ ಮಾತ್ರ ಕೈಮುಗಿಯಲು ಆಗಿಲ್ಲ. ಆ ದನಿ ಇದ್ದದ್ದರಿಂದಲೇ ಅಪ್ಪ ಒದರಲಿಲ್ಲ, ಅದು ಇದ್ದದ್ದರಿಂದಲೇ ನಾನು ಅಷ್ಟು ಹೊತ್ತು ತಿರುಗಿ ನೋಡಲಿಲ್ಲ. ಹೆಜ್ಜೆ ಹೆಜ್ಜೆಗೂ ಓಗೊಡುತ್ತ ಅದು ನನ್ನನ್ನು ಅಪ್ಪನಿಂದ ದೂರ ದೂರವೇ ನಡೆಸಿಕೊಂಡು ಹೋಗಿತ್ತು. ನಮ್ಮ ಜೊತೆಗೆಂದು ಬಂದಿತ್ತೋ, ಅಪ್ಪನನ್ನು ಒಯ್ಯಲೆಂದು ಬಂದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.